ಏರಿಯ ಮೇಲೆ ಆರಿಸಿದ ಕ್ರೌನ್ ಪಿನಿಯನ್

2024ರ ಆಗಸ್ಟ್ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ದಾವಣಗೆರೆಯಿಂದ ಜಗಳೂರಿಗೆ ಹೋಗುವ ರಸ್ತೆಯಲ್ಲಿ ನನ್ನ ಭಾವನ ಜೀಪು ನಿಂತುಹೋಯಿತು. ಹಿಂದುಗಡೆ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನಿನ ಮರಿಗಳಿದ್ದವು. ಅವನ್ನು ಬಿಡಬೇಕಾಗಿದ್ದ ಕೆರೆಯ ದಂಡೆಗೆ ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಜೀಪನ್ನು ಎಳೆದು ತಂದಿತು. ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮರಿಗಳೂ ಸತ್ತಿದ್ದವು. ನಾನು ಆ ಜೀಪಿನಲ್ಲಿದ್ದೆ.

ಆ ಕೆರೆ ಇರುವುದು ಜಗಳೂರು ತಾಲ್ಲೂಕಿನಲ್ಲಿ, ಅಕ್ಕನನ್ನು ಕೊಟ್ಟ ಊರಿನಲ್ಲಿ. ಅಕ್ಕ ಮದುವೆಯಾಗಿ ಹೋದಾಗ ಅದಕ್ಕೆ ಕೆರೆ ಎಂಬ ಹೆಸರಷ್ಟೇ ಇತ್ತು. ಅಂಗಳದಲ್ಲಿ ಜಾಲಿ ಬೆಳೆದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾವು ಹೊನ್ನಾಳಿಯವರು, ಹೊಳೆಗೆ ಹತ್ತಿರದ ಮನೆ. ಅಪ್ಪ ತುಂಗಭದ್ರೆಯಲ್ಲಿ ಬಲೆ ಹಾಕುತ್ತಿದ್ದರು. ಬಲೆ ಹೆಣೆಯುವುದು, ಹರಿದ ಕಣ್ಣು ಹೊಲಿಯುವುದು, ನೀರಿನ ಬಣ್ಣ ನೋಡಿ ಎಲ್ಲಿ ಮೀನು ನಿಂತಿದೆ ಎಂದು ಹೇಳುವುದು ಅಕ್ಕನಿಗೆ ಬರುತ್ತಿತ್ತು. ನನಗೆ ಬರಲಿಲ್ಲ. ನಾನು ಪತ್ರಿಕೆಯ ವರದಿಗಾರನಾದೆ. ಅಕ್ಕ ನೀರಿಲ್ಲದ ಊರಿಗೆ ಹೋಗಿ ಇಪ್ಪತ್ತು ವರ್ಷ ಮೆಕ್ಕೆಜೋಳದ ಹೊಲಗಳಲ್ಲಿ ಕಳೆ ಕಿತ್ತಳು. ಅವಳಿಗೆ ಗೊತ್ತಿದ್ದ ಕೆಲಸವನ್ನು ಆ ಊರಿನಲ್ಲಿ ಯಾರೂ ಕೇಳಲಿಲ್ಲ.

ಆಮೇಲೆ ಪೈಪಿನಲ್ಲಿ ಹೊಳೆಯ ನೀರು ಜಗಳೂರಿನ ಕೆರೆಗಳಿಗೆ ಬಂತು. ಅಕ್ಕನ ಊರಿನ ಕೆರೆಯೂ ತುಂಬಿತು. ಅವಳು ದಂಡೆಯ ಮೇಲೆ ನಿಂತು ಫೋನ್ ಮಾಡಿದ್ದು ನೆನಪಿದೆ. "ತಮ್ಮಾ, ನಮ್ಮ ಹೊಳೆ ಇಲ್ಲಿಗೇ ಬಂದೈತೆ ಕಣೋ," ಅಂದಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಬಹಳ ವರ್ಷದಿಂದ ಕೇಳಿರಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರನ್ನೇ ಸೇರಿಸಿ ಒಂದು ಸಂಘ ಕಟ್ಟಿದಳು. ಕೆರೆಯಲ್ಲಿ ಮೀನು ಸಾಕುವ ಹಕ್ಕನ್ನು ಪಂಚಾಯಿತಿ ಆ ಸಂಘಕ್ಕೆ ಕೊಟ್ಟಿತು. ಷರತ್ತು ಒಂದೇ: ಆಗಸ್ಟ್ ಮುಗಿಯುವುದರೊಳಗೆ ಮರಿ ಬಿಟ್ಟು ತೋರಿಸಬೇಕು. ಬಿಡದಿದ್ದರೆ ಹಕ್ಕು ಹರಾಜಿಗೆ ಹೋಗುತ್ತದೆ.

ಮರಿ ಸಿಗುವುದು ಚನ್ನಗಿರಿ ತಾಲ್ಲೂಕಿನಲ್ಲಿ. ಸೂಳೆಕೆರೆಯ ಸುತ್ತಮುತ್ತ, ಕೆರೆಬಿಳಚಿಯ ಕಡೆ, ಮರಿ ಸಾಕುವ ಕೊಳಗಳಿವೆ. ಅಲ್ಲಿಂದ ಅಕ್ಕನ ಊರಿಗೆ ನೂರು ಕಿಲೋಮೀಟರ್ ಹತ್ತಿರ. ಮರಿಗಳನ್ನು ನೀರು ಮತ್ತು ಆಮ್ಲಜನಕ ತುಂಬಿದ ಚೀಲಗಳಲ್ಲಿ ಕಟ್ಟುತ್ತಾರೆ. ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲೇ ಕೆರೆ ಸೇರಿಸಬೇಕು. ಇದನ್ನೇ ಕೆಲಸ ಮಾಡಿಕೊಂಡಿರುವ ವ್ಯಾನಿನವನೊಬ್ಬ ಚನ್ನಗಿರಿಯಲ್ಲಿದ್ದ. ಅಕ್ಕ ಅವನನ್ನು ಗೊತ್ತು ಮಾಡಿದ್ದಳು.

ಭಾವ ಆ ವ್ಯಾನು ಬೇಡವೆಂದು ಬಿಡಿಸಿದರು. ಅವರ ಬಳಿ ಒಂದು ಹಳೆಯ ಉದ್ದ ಜೀಪಿತ್ತು. ಹಿಂದಿನ ಗಾಲಿಯಿಂದ ಓಡುವ, ನಾಲ್ಕೇ ಗೇರಿನ ಗಾಡಿ. ಎಂಜಿನ್ ಸತ್ತು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ನ್ಯಾಮತಿಯ ಒಂದು ಗ್ಯಾರೇಜಿನಲ್ಲಿ ಬಿಟ್ಟು, ಟರ್ಬೊ ಇರುವ ಬೇರೆ ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು.

"ಮನೇಲಿ ಗಾಡಿ ಇಟ್ಕೊಂಡು ಊರೋರ ಗಾಡೀಲಿ ಮರಿ ತಂದ್ರೆ ನನ್ನ ಮುಖ ಎಲ್ಲಿಡ್ಲಿ?" ಅಂದರಂತೆ.

"ನಿಮ್ಮ ಮುಖ ಮುಂದಿನ ಸೀಟ್ನಾಗೆ ಇಡ್ರಿ. ಮರಿ ವ್ಯಾನಿನಾಗೆ ಬರ್ಲಿ," ಅಂದಳಂತೆ ಅಕ್ಕ.

ಈ ಮಾತು ನಡೆದಾಗ ನಾನಿರಲಿಲ್ಲ, ಅಕ್ಕ ಹೇಳಿದ್ದು. ಭಾವನನ್ನು ಕೇಳಿದಾಗ ಅವರೂ ಅಲ್ಲಗಳೆಯಲಿಲ್ಲ. ವ್ಯಾನಿನವನಿಗೆ ಬರಬೇಡ ಎಂದು ಫೋನ್ ಮಾಡಿದ್ದು ಭಾವನೇ.

ನ್ಯಾಮತಿ ಹೊನ್ನಾಳಿಗೆ ಹತ್ತಿರವಾದ್ದರಿಂದ ಗ್ಯಾರೇಜಿಗೆ ಹೋಗಿಬರುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತಿತ್ತು. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಿದ್ದರು. ದೊಡ್ಡ ಮೈಯ, ದೊಡ್ಡ ಮಾತಿನ ಮನುಷ್ಯ. ಜುಲೈ ಮೊದಲ ವಾರ ಎಂಜಿನ್ ಕೂತಿತ್ತು. ಭಾವ ಜಗಳೂರಿನಿಂದ ಬಂದಿದ್ದರು. ಉಸ್ತಾದ್ ನೆಲದ ಮೇಲೆ ಗೋಣಿತಟ್ಟು ಹಾಸಿ ಎರಡು ಜೊತೆ ಹಲ್ಲುಚಕ್ರ ಇಟ್ಟಿದ್ದರು.

ಗಾಡಿಯ ಹಿಂದಿನ ಆಕ್ಸಲ್‌ನ ನಡುವೆ ಗಡಿಗೆಯಂತೆ ಉಬ್ಬಿದ ಜಾಗವೊಂದಿರುತ್ತದೆ. ಅದರೊಳಗೆ ಈ ಜೋಡಿ ಕೂರುತ್ತದೆ. ಎಂಜಿನ್ ಕಡೆಯಿಂದ ಬರುವ ಚಿಕ್ಕದು ಪಿನಿಯನ್, ಗಾಲಿಗಳನ್ನು ತಿರುಗಿಸುವ ದೊಡ್ಡದು ಕ್ರೌನ್. ದೊಡ್ಡದರ ಹಲ್ಲನ್ನು ಚಿಕ್ಕದರ ಹಲ್ಲಿನಿಂದ ಭಾಗಿಸಿದರೆ, ಟಾಪ್ ಗೇರಿನಲ್ಲಿ ಗಾಲಿ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂದು ಸಿಗುತ್ತದೆ. ಜೀಪಿನಲ್ಲಿ ಮೊದಲಿನಿಂದ ಇದ್ದದ್ದು ಒಂಬತ್ತು ಹಲ್ಲಿಗೆ ನಲವತ್ನಾಲ್ಕು. ಅಂದರೆ ಗಾಲಿಯ ಒಂದು ಸುತ್ತಿಗೆ ಎಂಜಿನ್ ಹತ್ತಿರಹತ್ತಿರ ಐದು ಸುತ್ತು. ಉಸ್ತಾದ್ ಹೊನ್ನಾಳಿಯ ಗುಜರಿಯಿಂದ ತಂದಿದ್ದ ಜೋಡಿ ಹನ್ನೊಂದಕ್ಕೆ ನಲವತ್ತೊಂದು. ಅದರಲ್ಲಿ ನಾಲ್ಕು ಸುತ್ತೂ ಬೇಕಿಲ್ಲ.

"ಹಳೆ ಎಂಜಿನ್ನು ಮುದುಕಿ ಇದ್ದಂಗೆ ಇತ್ತು ಸಾಬ್. ಸಣ್ಣ ಸಣ್ಣ ಹೆಜ್ಜೆ. ಅದಕ್ಕೆ ಒಂಬತ್ತು ಹಲ್ಲು ಸರಿ ಇತ್ತು," ಅಂದರು ಉಸ್ತಾದ್. "ಈಗ ಬಂದಿರೋನು ಉದ್ದ ಕಾಲಿನೋನು. ಅವನಿಗೆ ಸಣ್ಣ ಹೆಜ್ಜೆ ಹಾಕ್ಸಿದ್ರೆ ಏನಾಗ್ತೈತೆ? ಓಡಿ ಓಡಿ ಏದುಸಿರು ಬಿಡ್ತಾನೆ. ಉದ್ದ ಹೆಜ್ಜೆ ಹಾಕಾಕೆ ಬಿಡ್ರಿ, ತಣ್ಣಗೆ ಹೋಗ್ತಾನೆ."

ಎಂಬತ್ತರ ವೇಗದಲ್ಲಿ ಹಳೆಯ ಜೋಡಿಯಾದರೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಹತ್ತಿರ ಹೋಗುತ್ತದೆ, ಹೊಸದಾದರೆ ಎರಡು ಸಾವಿರದ ಇನ್ನೂರು ಚಿಲ್ಲರೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿ ತೋರಿಸಿದರು. ಟರ್ಬೊ ಅಂದರೆ, ಎಂಜಿನ್ನಿಂದ ಹೊರಹೋಗುವ ಹೊಗೆಯ ರಭಸದಲ್ಲೇ ಒಂದು ಪುಟ್ಟ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯ. ಅದು ಚೆನ್ನಾಗಿ ಕೆಲಸ ಮಾಡುವುದು ನಡುವಿನ ಸುತ್ತುಗಳಲ್ಲಿ. ಮೇಲೆ ಹೋದಷ್ಟೂ ಬರೀ ಶಾಖ.

"ಒಂದು ಕೊರತೆ ಐತೆ, ಹೇಳಿಬಿಡ್ತೀನಿ," ಅಂದರು. "ಕೆಳಗಿನ ಸುತ್ತಿನಾಗೆ ಇವನು ನಿದ್ದೆ ಮಾಡ್ತಾನೆ. ನಿಂತಲ್ಲಿಂದ ಎತ್ತೋವಾಗ ಸ್ವಲ್ಪ ಆಕ್ಸಿಲೇಟರ್ ಕೊಟ್ಟು ಎಬ್ಬಿಸ್ಕೊಂಡು, ಕ್ಲಚ್ ಬಿಡಬೇಕು. ನಿಮಗೆ ಬರ್ತೈತಲ್ಲ?"

"ನಾನು ಹುಟ್ಟಿದ್ದೇ ಸ್ಟೇರಿಂಗ್ ಹಿಡ್ಕೊಂಡು," ಅಂದರು ಭಾವ.

ಹೊಸ ಜೋಡಿ ಕೂತಿತು. ಜುಲೈ ನಡುವೆ ಭಾವ, ಅವರ ಚಿಕ್ಕಪ್ಪನ ಮಗ, ನಾನು, ಮೂವರು ಆ ಜೀಪಿನಲ್ಲಿ ನ್ಯಾಮತಿಯಿಂದ ಹೊರಟೆವು. ಚಿಕ್ಕಪ್ಪನ ಮಗನಿಗೂ ಅದೇ ಊರು, ಎರಡು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ, ಗಾಡಿಯ ವಿಷಯದಲ್ಲಿ ಭಾವ ಅವನ ಮಾತನ್ನು ತೂಗಿ ನೋಡುತ್ತಾರೆ. ಹೊನ್ನಾಳಿ ದಾಟಿ ಬಸವಾಪಟ್ಟಣದ ಕಡೆಗೆ ಹೋಗುವಾಗ ಜೀಪು ಎಷ್ಟು ಸಲೀಸಾಗಿ ಓಡಿತೆಂದರೆ, ಹಳೆಯ ಎಂಜಿನ್ನಿನ ಸದ್ದಿನಲ್ಲಿ ಕೂಗಿ ಮಾತಾಡಿ ರೂಢಿಯಾಗಿದ್ದ ಭಾವ ಸುಮ್ಮಸುಮ್ಮನೆ ಕೂಗುತ್ತಿದ್ದರು. ಮರಿ ಕಾದಿರಿಸಲು ಕೊಳದವರ ಹತ್ತಿರ ಹೋಗಬೇಕಿತ್ತು.

ಅಲ್ಲಿ ಒಂದು ಪದ್ಧತಿಯಿದೆ. ಹೊಸ ಗಾಡಿಯೋ ಹೊಸ ಎಂಜಿನ್ನೋ ಬಂದರೆ ಸೂಳೆಕೆರೆಯ ಏರಿಗೆ ಹತ್ತುವ ಇಳಿಜಾರಿನಲ್ಲಿ ಪರೀಕ್ಷೆ ಮಾಡುತ್ತಾರೆ. ಹಿಂದೆ ಭಾರ ಹೇರಿ, ಇಳಿಜಾರಿನ ನಡುವೆ ನಿಲ್ಲಿಸಿ, ಹಿಂದಿನ ಗಾಲಿಯ ಹಿಂಬದಿಗೆ ತಾಗುವಂತೆ ಒಂದು ನಿಂಬೆಹಣ್ಣು ಇಡುತ್ತಾರೆ. ಕೈಬ್ರೇಕ್ ಮುಟ್ಟಬಾರದು. ಹಣ್ಣು ಒಡೆಯದಂತೆ ಗಾಡಿ ಮುಂದಕ್ಕೆ ಹತ್ತಿದರೆ ಗಾಡಿ ಗಟ್ಟಿ. ಹಣ್ಣು ಹಿಂಡಿಹೋದರೆ ಗೇರ್ ಸರಿಯಿಲ್ಲ. ಗದ್ದೆಯಿಂದ ಭತ್ತವನ್ನೂ ತೋಟದಿಂದ ಅಡಿಕೆಯನ್ನೂ ಏರಿಗೆ ಹತ್ತಿಸಬೇಕಾದ ಗಾಡಿಗಳಿಗೆ ಅದು ತಕ್ಕ ಪರೀಕ್ಷೆ. ಅಲ್ಲಿನವರು ತಮ್ಮ ಕೆಲಸಕ್ಕೆ ತಕ್ಕಂತೆ ಕಂಡುಕೊಂಡದ್ದು.

ಕೊಳದ ಮನೆಯ ಮುಂದೆ ಮೀನಿಗೆ ಹಾಕುವ ತೌಡಿನ ಚೀಲಗಳಿದ್ದವು. ಅವನ್ನೇ ಹೇರಿದರು. ಅಡಿಕೆ ಹೊರುವ ಗಾಡಿಗಳ ನಾಲ್ಕೈದು ಜನ ಡ್ರೈವರುಗಳು ಸೇರಿದರು. ಭಾವ ನಡುವೆ ನಿಲ್ಲಿಸಿದರು. ನಿಂಬೆಹಣ್ಣು ಇಟ್ಟರು. ಬ್ರೇಕಿನಿಂದ ಕಾಲು ತೆಗೆದು ಹಳೆಯ ಎಂಜಿನ್ ಇದ್ದಾಗ ಬಿಡುತ್ತಿದ್ದಂತೆಯೇ ಕ್ಲಚ್ ಬಿಟ್ಟರು. ಎಂಜಿನ್ ಕೆಮ್ಮಿತು. ಜೀಪು ಗೇಣಿನಷ್ಟು ಹಿಂದಕ್ಕೆ ಜಾರಿತು. ಹಣ್ಣು ಪಿಚಕ್ಕೆಂದಿತು.

"ಟರ್ಬೊ ಅಂತೆ ಟರ್ಬೊ! ಸೊಂಟಾನೇ ಇಲ್ಲ ನೋಡ್ರಲೇ."

"ಯಜಮಾನ್ರೇ, ಶರಬತ್ತಿನ ಅಂಗಡಿ ಇಡ್ರಿ. ಹಿಂಡಾಕೆ ಚಲೋ ಐತೆ ಗಾಡಿ."

"ಇನ್ನೊಂದು ಹಣ್ಣು ಕೊಡೋ, ಪಾಪ, ಮೊದಲನೇದು ಹುಳಿ ಇತ್ತೇನೋ!"

ಇನ್ನೊಂದು ಕೊಟ್ಟರು. ಅದೂ ಒಡೆಯಿತು. ಚಿಕ್ಕಪ್ಪನ ಮಗ ಎಲ್ಲರಿಗಿಂತ ಜೋರಾಗಿ ನಕ್ಕು, "ಅಣ್ಣ, ಅತ್ತಿಗೆ ಮೀನು ಹಿಡಿಯೋ ಹೊತ್ತಿಗೆ ನೀನು ನಿಂಬೆಹಣ್ಣು ಹಿಡಿಯೋದು ಕಲಿ," ಅಂದ. ಭಾವನೂ ನಕ್ಕರು. ಅವರ ಕಿವಿ ಕೆಂಪಾಗಿತ್ತು. ಮರಿ ಕಾದಿರಿಸುವ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಅಲ್ಲಿಂದ ಜೀಪು ತಿರುಗಿದ್ದು ಜಗಳೂರಿನ ಕಡೆಗಲ್ಲ, ವಾಪಸು ನ್ಯಾಮತಿಗೆ.

ಉಸ್ತಾದ್ ಚಹಾ ತರಿಸಿದರು. ಭಾವ ಮುಟ್ಟಲಿಲ್ಲ.

"ಬಿಚ್ಚಿರಿ. ಹಳೇದೇ ಹಾಕ್ರಿ."

"ವರ್ಷಕ್ಕೆ ಎಷ್ಟು ಸಲ ಏರಿ ಹತ್ತೋರಿದ್ದೀರಿ ನೀವು?"

"ಅದು ಪ್ರಶ್ನೆ ಅಲ್ಲ."

"ಮತ್ತೆ ಪ್ರಶ್ನೆ ಏನು ಸಾಬ್?"

ಭಾವ ಬಾಗಿಲ ಕಡೆ ನೋಡಿದರು. ಎರಡರ ನಡುವಿನ ಜೋಡಿ ಯಾವುದೂ ಇಲ್ಲವೇ ಎಂದು ನಾನು ಕೇಳಿದೆ. ಇದೆ, ಹುಬ್ಬಳ್ಳಿಯಿಂದ ತರಿಸಬಹುದು, ಹೊರೆಗೂ ದೂರಕ್ಕೂ ಒಪ್ಪುವಂಥದ್ದು ಎಂದರು ಉಸ್ತಾದ್. "ನಡುವಿನದು ಗಿಡುವಿನದು ಬ್ಯಾಡ. ಎಳೆಯೋದು ಬೇಕು," ಅಂದರು ಭಾವ. ಚಿಕ್ಕಪ್ಪನ ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಉಸ್ತಾದ್ ಕೈ ಒರೆಸಿಕೊಂಡರು. "ಆಯ್ತು. ಗಾಡಿ ನಿಮ್ದು, ಹಲ್ಲೂ ನಿಮ್ದು. ಆದ್ರೆ ಒಂದು ಮಾತು. ಅರವತ್ತು ದಾಟ್ಸಬ್ಯಾಡ್ರಿ. ದಾಟ್ಸಿದ್ರೆ ನಿಲ್ಸೋ ಮುಂಚೆ ಎಂಜಿನ್ನು ಹಂಗೇ ಸ್ವಲ್ಪ ಹೊತ್ತು ಸುಮ್ಮನೆ ಓಡ್ಲಿ. ಕಾದಿರೋ ಟರ್ಬೊ ತಟ್ಟನೆ ನಿಲ್ಸಿದ್ರೆ ಒಳಗಿನ ಎಣ್ಣೆ ಸುಟ್ಟು ಹೋಗ್ತೈತೆ." ಬೇಡವೆಂದು ಹಟ ಹಿಡಿಯಲಿಲ್ಲ. ಗಿರಾಕಿಯ ಮುಖ ನೋಡಿ ಗೊತ್ತಿದ್ದನ್ನು ಬದಿಗಿಟ್ಟರು. ಅದನ್ನು ಮರ್ಯಾದೆ ಎಂದುಕೊಳ್ಳುವವರಿದ್ದಾರೆ.

ಹಳೆಯ ಜೋಡಿ ಅಷ್ಟರಲ್ಲಿ ಬೇರೊಂದು ಜೀಪಿನೊಳಗೆ ಸೇರಿಹೋಗಿತ್ತು. ಅದನ್ನು ಬಿಡಿಸಿ ತರುವುದಕ್ಕೆ ಜುಲೈ ಕಳೆಯಿತು. ಮತ್ತೆ ಕೂರಿಸಿ, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತದೆ ನೋಡಿ, ಬಿಚ್ಚಿ, ತೆಳು ಬಿಲ್ಲೆ ಹಾಕಿ, ಮತ್ತೆ ನೋಡಿ, ಸರಿಮಾಡುವ ಹೊತ್ತಿಗೆ ಆಗಸ್ಟ್ ಮೂರನೇ ವಾರ ಬಂತು. ಅಕ್ಕ ದಿನಾ ನನಗೆ ಫೋನ್ ಮಾಡುತ್ತಿದ್ದಳು. ಕಾರಣವೇನೆಂದು ನಾನು ಇದ್ದದ್ದು ಇದ್ದಹಾಗೆ ಹೇಳಿದೆ.

"ನಿಂಬೆಹಣ್ಣು?" ಅಂದಳು. "ತಮ್ಮಾ, ನನ್ನ ಮರಿ ಯಾವ ಏರಿ ಹತ್ತಬೇಕೋ? ಚನ್ನಗಿರಿ ಬಿಟ್ರೆ ಜಗಳೂರುತನಕ ರೋಡು ಚಾಪೆ ಹಾಸಿದಂಗೈತೆ."

ವ್ಯಾನಿನವನನ್ನು ಮತ್ತೆ ಕೇಳು ಎಂದಳು. ಕೇಳಿದೆ. ಆ ತಿಂಗಳಿಡೀ ಅವನಿಗೆ ಬೇರೆ ಕಡೆಯ ಕೆಲಸವಿತ್ತು. "ಅವತ್ತು ನಿಮ್ಮೋರೇ ಬ್ಯಾಡ ಅಂದ್ರಲ್ರೀ," ಅಂದ.

ಕೊನೆಯ ಗುರುವಾರ ಬಂತು. ಮರಿ ಬಿಡುವುದರ ಫೋಟೊ ತೆಗೆಯಲು ನಾನೂ ಹೊರಟೆ. ಬುಧವಾರ ಸಂಜೆಯೇ ಭಾವ, ನಾನು ಇಬ್ಬರೇ ಕೊಳದ ಹತ್ತಿರ ಹೋಗಿ ಉಳಿದೆವು. ಐದು ಗಂಟೆಗೆ ಹೊರಡುವುದೆಂದು ಮಾತಾಗಿತ್ತು. ಐದಕ್ಕೆ ಚೀಲಗಳು ಹೇರಿಯಾಗಿದ್ದವು. ಒಂದೊಂದರಲ್ಲೂ ಬೆರಳುದ್ದದ ಮರಿಗಳು, ನೀರೇ ಮಿಸುಕಾಡಿದಂತೆ ಕಾಣುತ್ತಿದ್ದವು. ಭಾವ ಜೀಪನ್ನು ಇಳಿಜಾರಿನ ನಡುವೆ ನಿಲ್ಲಿಸಿ ಇಳಿದರು. ಜೇಬಿನಿಂದ ನಿಂಬೆಹಣ್ಣು ತೆಗೆದರು.

"ಭಾವ, ಈಗ ಬೇಡ," ಅಂದೆ.

"ಅವತ್ತು ನಕ್ಕೋರು ಬರ್ಲಿ, ನೋಡ್ಲಿ."

ಅವರು ಬರುವವರೆಗೆ ಕಾದೆವು. ಅಷ್ಟು ಹೊತ್ತಿಗೆ ಎದ್ದಿದ್ದವರು ಇಬ್ಬರೇ ಡ್ರೈವರುಗಳು. ಮತ್ತಿಬ್ಬರನ್ನು ಫೋನ್ ಮಾಡಿ ಕರೆಸಿದರು. ಜೀಪು ಜಾರಲಿಲ್ಲ. ಒಂಬತ್ತು ಹಲ್ಲಿನ ಪಿನಿಯನ್ ಅಷ್ಟೂ ಭಾರವನ್ನು ಎಳೆದುಕೊಂಡು ಏರಿಗೆ ಹತ್ತಿತು. ಡ್ರೈವರುಗಳು ತಲೆಯಾಡಿಸಿದರು. "ಈಗ ಗಾಡಿ ಗಾಡಿ ಆಯ್ತು ನೋಡ್ರಿ," ಅಂದ ಒಬ್ಬ. ಭಾವ ಅವರಿಗೆಲ್ಲ ಚಹಾ ಕುಡಿಸಿದರು. ಹೊರಟಾಗ ಆರೂವರೆ.

ಸಂತೆಬೆನ್ನೂರು ದಾಟುವವರೆಗೆ ಅರವತ್ತು ಮೀರಲಿಲ್ಲ. ದಾವಣಗೆರೆ ಹತ್ತಿರವಾದಂತೆ ಅಕ್ಕನ ಫೋನು ಬರತೊಡಗಿತು. ಹೆಂಗಸರೆಲ್ಲ ದಂಡೆಗೆ ಬಂದಿದ್ದಾರೆ, ಮಳೆ ಬಿಟ್ಟು ವಾರವಾಯಿತು, ಬಿಸಿಲು ಈಗಲೇ ಚುರುಗುಟ್ಟುತ್ತಿದೆ, ಎಲ್ಲಿದ್ದೀರಿ. ಊರು ದಾಟಿ ಜಗಳೂರಿನ ರಸ್ತೆಗೆ ಬಿದ್ದಮೇಲೆ ಭಾವ ಒತ್ತಿದರು. ಎಂಬತ್ತು. ನ್ಯಾಮತಿಯಿಂದ ಬಂದ ದಿನ ಕೇಳಿಸದಿದ್ದ ಸದ್ದು ಈಗ ಜೀಪಿನ ತಗಡನ್ನೆಲ್ಲ ತುಂಬಿತ್ತು. ಸೀಟು ನಡುಗುತ್ತಿತ್ತು. ಹಿಂದೆ ತಿರುಗಿ ನೋಡಿದೆ. ಚೀಲಗಳ ನೀರಿನ ಮೇಲೆ ನೊರೆ ಬರುತ್ತಿತ್ತು.

"ಸ್ವಲ್ಪ ಕಡಿಮೆ ಮಾಡಿ."

"ಕಡಿಮೆ ಮಾಡಿದ್ರೆ ತಡ ಆಗ್ತೈತೆ ಅಂತೀರಿ. ಜೋರು ಹೋದ್ರೆ ಕಡಿಮೆ ಅಂತೀರಿ. ಅಕ್ಕ ತಮ್ಮ ಕೂಡಿ ನೀವೇ ಓಡ್ಸಿರಿ."

ಬಿಳಿಚೋಡು ಇನ್ನೂ ಮುಂದಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಭಾವ ಜೀಪನ್ನು ಬದಿಗೆ ತಂದು ಒಡನೆಯೇ ಎಂಜಿನ್ ನಿಲ್ಲಿಸಿದರು. ಕುದಿಯುವ ರೇಡಿಯೇಟರ್ ಕಂಡ ಯಾರಾದರೂ ಹಾಗೇ ಮಾಡುತ್ತಿದ್ದರು. ತಂದಿದ್ದ ಒಂದು ಕ್ಯಾನ್ ನೀರು ಸುರಿದದ್ದು ಅರ್ಧ ಹಬೆಯಾಯಿತು, ಅರ್ಧ ನೆಲಕ್ಕೆ ಹೋಯಿತು. ಎರಡೂ ಕಡೆ ಮೆಕ್ಕೆಜೋಳದ ಹೊಲ. ಬೋರ್‌ವೆಲ್ ಕಂಡಿತು, ಕರೆಂಟ್ ಇರಲಿಲ್ಲ. ನಾನು ರಸ್ತೆಯಲ್ಲಿ ಕೈ ಅಡ್ಡ ಮಾಡುತ್ತ ನಿಂತೆ. ಬೈಕಿನವರು ನಿಂತರು, ಬಾಟಲಿಯಲ್ಲಿದ್ದ ಗುಟುಕು ನೀರು ಕೊಟ್ಟು ಹೋದರು.

ತಿರುಗಿ ನೋಡಿದಾಗ ಭಾವ ಒಂದು ಚೀಲವನ್ನು ಇಳಿಸಿದ್ದರು. ಹೆಗಲ ಮೇಲಿನ ಟವೆಲ್ಲನ್ನು ಕ್ಯಾನಿನ ಬಾಯಿಗೆ ಕಟ್ಟಿ, ಚೀಲದ ಬಾಯಿ ಬಿಚ್ಚಿ, ನೀರನ್ನು ಅದರೊಳಗೆ ಸೋಸುತ್ತಿದ್ದರು. ಮರಿಗಳು ಟವೆಲ್ಲಿನ ಮೇಲೆ ಉಳಿದವು. ಸ್ವಲ್ಪ ಹೊತ್ತು ಎಣ್ಣೆಯಲ್ಲಿ ಬಿದ್ದ ಸಾಸಿವೆಯಂತೆ ಸಿಡಿದವು. ಆ ನೀರನ್ನು ರೇಡಿಯೇಟರಿಗೆ ಹಾಕಿದರು. ಟವೆಲ್ಲನ್ನು ರಸ್ತೆಯ ಬದಿಯ ಹುಲ್ಲಿನ ಮೇಲೆ ಕೊಡವಿದರು. ಇನ್ನೊಂದು ಚೀಲ ಬಿಚ್ಚಿದರು.

ಎಂಜಿನ್ ಶುರುವಾಯಿತು. ಹಿಂದಿನಿಂದ ನೀಲಿ ಹೊಗೆ ಹೊರಟು ರಸ್ತೆಯನ್ನೇ ಮುಚ್ಚಿತು. ಫರ್ಲಾಂಗು ಹೋಗುವುದರೊಳಗೆ ಎಂಜಿನ್ ಎಳೆಯುವುದನ್ನು ಬಿಟ್ಟಿತು. ಟರ್ಬೊ ಒಳಗಿನ ಎಣ್ಣೆ ಸುಟ್ಟು ಅದರ ಸೀಲು ಹೋಗಿತ್ತೆಂದು ಆಮೇಲೆ ಬಿಚ್ಚಿ ನೋಡಿದ ಉಸ್ತಾದ್ ಹೇಳಿದರು. ಗೇರ್ ಒಂದೇ ಕಾರಣವೆಂದು ನಾನು ಬರೆಯಲಾರೆ. ರೇಡಿಯೇಟರ್ ಹಳೆಯದು. ತಡವಾಗಿ ಹೊರಟದ್ದೂ ಒಂದು ಕಾರಣ. ಅರವತ್ತರಲ್ಲೇ ಬಂದಿದ್ದರೆ ಎಂಜಿನ್ ಉಳಿಯುತ್ತಿತ್ತೇನೋ. ಹನ್ನೊಂದು ಹಲ್ಲಿನ ಪಿನಿಯನ್ ಇದ್ದಿದ್ದರೆ ಎಂಬತ್ತರಲ್ಲೂ ಉಳಿಯುತ್ತಿತ್ತು ಎನ್ನುತ್ತಾರೆ ಉಸ್ತಾದ್. ಇದನ್ನು ಅವರು ಹೇಳಿದ್ದು ಆಮೇಲೆ.

ಟ್ರ್ಯಾಕ್ಟರ್ ಸಿಗುವ ಹೊತ್ತಿಗೆ ಹನ್ನೆರಡು ದಾಟಿತ್ತು. ಚೀಲಗಳಿಗೆ ನೆರಳು ಮಾಡಲು ನಮ್ಮ ಅಂಗಿಗಳನ್ನೂ ಬಿಚ್ಚಿ ಹೊದಿಸಿದ್ದೆವು. ಮುಟ್ಟಿದರೆ ನೀರು ಬೆಚ್ಚಗಿತ್ತು, ಸ್ನಾನಕ್ಕೆ ಹದ ಮಾಡಿದ ಹಾಗೆ.

ಕೆರೆಯ ದಂಡೆಯಲ್ಲಿ ಹೆಂಗಸರು ಬೆಳಗಿನಿಂದ ಕಾದಿದ್ದರು. ಪಂಚಾಯಿತಿಯವರೊಬ್ಬರು ಬಂದು ಮರದ ಕೆಳಗೆ ಕೂತಿದ್ದರು. ಅಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಟ್ರ್ಯಾಕ್ಟರ್ ನೋಡಿದಳು, ಹಿಂದೆ ಹಗ್ಗದಲ್ಲಿ ಬರುತ್ತಿದ್ದ ಜೀಪು ನೋಡಿದಳು. ನೀರಿನಿಂದ ಮೇಲೆ ಬರಲಿಲ್ಲ. ಮೊದಲ ಚೀಲವನ್ನು ನಾನು ಎತ್ತಿಕೊಂಡು ಹೋಗಿ ಕೊಟ್ಟೆ. ಬಿಚ್ಚುವ ಮೊದಲು ಅದನ್ನು ಸ್ವಲ್ಪ ಹೊತ್ತು ಕೆರೆಯ ನೀರಿನಲ್ಲಿ ತೇಲಿಬಿಡಬೇಕು, ಒಳಗಿನ ಹೊರಗಿನ ಶಾಖ ಸಮವಾಗಲಿ ಎಂದು. ಅಕ್ಕ ಹಾಗೇ ಮಾಡಿದಳು. ಕಾದಳು. ಆಮೇಲೆ ಬಿಚ್ಚಿದಳು. ಬಿಳಿ ಹೊಟ್ಟೆಗಳು ಒಂದರ ಮೇಲೊಂದು ಹೊರಬಂದು ಅವಳ ಸೀರೆಯ ಸುತ್ತ ಹರಡಿದವು.

ಎಲ್ಲ ಚೀಲಗಳನ್ನೂ ಅದೇ ಕ್ರಮದಲ್ಲಿ ಬಿಚ್ಚಿದಳು. ಯಾವುದನ್ನೂ ಬಿಡಲಿಲ್ಲ. ಬದುಕಿದ್ದವು ಬೊಗಸೆಯಷ್ಟು.

"ಇಷ್ಟಕ್ಕೆ ಮರಿ ಬಿಟ್ರು ಅಂತ ಬರೆಯಾಕೆ ಬರಲ್ಲಮ್ಮ," ಅಂದರು ಪಂಚಾಯಿತಿಯವರು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು. "ಇನ್ನೆರಡು ದಿನ ಐತೆ. ಬೇರೆ ಮರಿ ತರಾಕೆ ಆಗ್ತೈತೇನು ನೋಡ್ರಿ."

ಕೊಳದವರಿಗೆ ನಾನೇ ಫೋನ್ ಮಾಡಿದೆ. ಆ ಅಳತೆಯ ಮರಿ ಮುಗಿದಿದೆ, ಇನ್ನು ಮುಂದಿನ ತಿಂಗಳೇ ಎಂದರು.

ಸಂಘದ ಹಿರಿಯ ಹೆಂಗಸೊಬ್ಬಳು ಭಾವನ ಮುಂದೆ ಬಂದು ನಿಂತಳು. "ಯಪ್ಪಾ, ನಿನಗೆ ಏನು ಅಂತ ಹೇಳಿದ್ವಿ? ಮೀನು ತಗೊಂಬಾ ಅಂದ್ವಿ. ಸಾರು ಮಾಡ್ಕೊಂಬಾ ಅಂದಿದ್ವೇನು?" ಯಾರೋ ನಕ್ಕರು. ಭಾವ ಜೀಪಿನ ಕಡೆ ತಿರುಗಿ, "ಗಾಡಿ ಏನೂ ಕಡಿಮೆ ಇರ್ಲಿಲ್ಲ. ಬೆಳಿಗ್ಗೆ ಏರಿ ಹೆಂಗೆ ಹತ್ತಿತು ಅಂತ ಇವನನ್ನೇ ಕೇಳ್ರಿ," ಅಂದರು.

ಯಾರೂ ನನ್ನನ್ನು ಕೇಳಲಿಲ್ಲ. ಅಕ್ಕ ಸತ್ತ ಮರಿಗಳನ್ನು ಬುಟ್ಟಿಯಲ್ಲಿ ತುಂಬುತ್ತಿದ್ದಳು. ಬಿಟ್ಟರೆ ನೀರು ಕೆಡುತ್ತದೆ. "ಅವರಿಗೆ ಅನ್ನ ಹಾಕಿ ಕಳಿಸ್ರೇ, ಬೆಳಿಗ್ಗೆಯಿಂದ ತಿಂದಿಲ್ಲ," ಅಂದಳು, ಯಾರ ಮುಖವನ್ನೂ ನೋಡದೆ. ಭಾವನ ಹೆಸರು ಹಿಡಿದಾಗಲಿ, ರೀ ಎಂದಾಗಲಿ ಅವಳು ಆ ದಿನ ಕರೆಯಲಿಲ್ಲ. ಬುಟ್ಟಿಗಳನ್ನು ಹೊಲಕ್ಕೆ ಗೊಬ್ಬರಕ್ಕೆಂದು ಕಳಿಸಿದಳು.

ಫೋಟೊ ತೆಗೆದಿರಲಿಲ್ಲ. ಪತ್ರಿಕೆಗೆ ಸುದ್ದಿ ಕಳಿಸಲಿಲ್ಲ. ಮನೆಯವರು ಇರುವ ಸುದ್ದಿಯನ್ನು ಮನೆಯವರು ಬರೆಯಬಾರದೆಂಬ ನಿಯಮ ನಮ್ಮಲ್ಲಿದೆ.

ಸೆಪ್ಟೆಂಬರಿನಲ್ಲಿ ಹರಾಜಾಯಿತು. ಗೆದ್ದದ್ದು ಭಾವನ ಚಿಕ್ಕಪ್ಪನ ಮಗನ ಗುಂಪು. ಅವನು ಮೊದಲೇ ಹೊಂಚು ಹಾಕಿದ್ದ ಎಂದು ಸಂಘದ ಹೆಂಗಸರು ಹೇಳುತ್ತಾರೆ. ಅದಕ್ಕೆ ಆಧಾರ ನನಗೆ ಸಿಕ್ಕಿಲ್ಲ. ಹರಾಜಿನ ದಿನ ಬೆಳಿಗ್ಗೆಯವರೆಗೂ ಅದರ ಯೋಚನೆಯೇ ಇರಲಿಲ್ಲ ಎಂದು ಅವನು ನನಗೆ ಹೇಳಿದ. "ಬಿಟ್ರೆ ಬೇರೆ ಊರೋರು ತಗೊಂತಿದ್ರು. ಮನೇದು ಮನೇಲೇ ಉಳೀತು ಅಂತ ಅನ್ಕಳ್ರಿ," ಅಂದ.

ಜೀಪನ್ನೂ ಅವನೇ ಕೊಂಡ. ನ್ಯಾಮತಿಗೆ ಒಯ್ದು ಹನ್ನೊಂದು ಹಲ್ಲಿನ ಪಿನಿಯನ್ ಹಾಕಿಸಿದ, ರೇಡಿಯೇಟರ್ ಬದಲಿಸಿದ. ಆ ಜೋಡಿಯನ್ನು ಉಸ್ತಾದ್ ಎತ್ತಿಟ್ಟಿದ್ದರು. "ಒಂದಲ್ಲ ಒಂದು ದಿನ ಕೇಳ್ತಾರೆ ಅಂತ ಗೊತ್ತಿತ್ತು ಪೇಪರಿನೋರೇ," ಅಂದರು ನನಗೆ. ಗೊತ್ತಿದ್ದದ್ದನ್ನು ಜುಲೈಯಲ್ಲಿ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಕೇಳಿದೆ. "ಗಟ್ಟಿಯಾಗಿ ಹೇಳಿದ್ರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗ್ತಾನೆ. ಅವನು ಏಳು ಹಲ್ಲಿಂದೂ ಹಾಕ್ತಾನೆ," ಅಂದರು.

ಈಗ ಆ ಜೀಪಿನ ಡ್ರೈವರ್ ಭಾವನೇ. ಚನ್ನಗಿರಿಯಿಂದ ಮರಿ ತರುತ್ತಾರೆ, ಜಗಳೂರಿಗೆ ಮೀನು ಒಯ್ಯುತ್ತಾರೆ. ಗಾಡಿ ಎಂಬತ್ತರಲ್ಲಿ ಸದ್ದಿಲ್ಲದೆ ಹೋಗುತ್ತದೆ. ಏರಿಯ ಇಳಿಜಾರಿನಲ್ಲಿ ನಿಂತಲ್ಲಿಂದ ಎತ್ತಬೇಕಾದಾಗ ಕೈಬ್ರೇಕ್ ಹಿಡಿದು, ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಬಿಡುತ್ತಾರೆ. ನಾನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಕ್ಕ ಅವರೊಂದಿಗೆ ಮಾತಾಡುತ್ತಾಳೆ, ಊಟ ಬಡಿಸುತ್ತಾಳೆ. ಮೀನಿನ ಮಾತು ಮಾತ್ರ ಮನೆಯಲ್ಲಿ ಬರುವುದಿಲ್ಲ.

ಸಂಘದ ಹೆಂಗಸರು ಮತ್ತೆ ಮೆಕ್ಕೆಜೋಳದ ಹೊಲಗಳಿಗೆ ಹೋದರು. ಮೀನು ಹಿಡಿಯುವ ದಿನಗಳಲ್ಲಿ ಮಾತ್ರ ದಂಡೆಯ ಮೇಲೆ ಮೀನಿನ ಪೊರೆ ತೆಗೆದು ಹೆಚ್ಚಿಕೊಡುವುದಕ್ಕೆ ಜನ ಬೇಕಾಗುತ್ತದೆ. ಆ ಊರಿನಲ್ಲಿ ಅದು ಸರಿಯಾಗಿ ಬರುವುದು ಒಬ್ಬಳಿಗೇ. ಚಿಕ್ಕಪ್ಪನ ಮಗ ಹೇಳಿಕಳಿಸುತ್ತಾನೆ, ಅಕ್ಕ ಕುಡುಗೋಲು ತೆಗೆದುಕೊಂಡು ಹೋಗುತ್ತಾಳೆ.

ಈ ವರ್ಷ ಕೆರೆಯ ಹಕ್ಕಿಗೆ ಪಂಚಾಯಿತಿ ಮತ್ತೆ ಅರ್ಜಿ ಕರೆದಿತ್ತು. ಬಂದದ್ದು ಒಂದೇ ಅರ್ಜಿ, ಚಿಕ್ಕಪ್ಪನ ಮಗನ ಗುಂಪಿನದು. ಕಳೆದ ತಿಂಗಳು ಹಕ್ಕು ಅವರಿಗೇ ಹೋಯಿತು. ಸಭೆ ನಡೆದ ಹೊತ್ತಿನಲ್ಲಿ ಅಕ್ಕ ಕೆರೆಯ ದಂಡೆಯಲ್ಲಿ ಕೂಲಿಗೆ ಮೀನು ಹೆಚ್ಚುತ್ತಿದ್ದಳು.